ಕಿವಿ ಮಷಿನ್ ಸಾಕಾ, ಕಾಕ್ಲಿಯರ್ ಇಂಪ್ಲಾಂಟ್ ಬೇಕಾ?

ನಮ್ಮ ಮನೆಯಲ್ಲಿ ಎರಡೂ ಇವೆ. ಅಮ್ಮನಿಗೆ 71 ವರ್ಷ, ಎರಡೂ ಕಿವಿಗೆ ಮಷಿನ್ ಹಾಕಿಕೊಳ್ಳುತ್ತಾಳೆ. ಅವಳ ತಮ್ಮ, ಅಂದರೆ ನನ್ನ ಸೋದರಮಾವನಿಗೆ 66. ಅವರ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ, ಹಾಕಿಸಿ ಎರಡು ವರ್ಷ ಆಯ್ತು. ಅಮ್ಮ ಇರುವುದು ವಿಜಯನಗರದಲ್ಲಿ, ಮಾವ ರಾಜಾಜಿನಗರದಲ್ಲಿ. ಎರಡೂ ಕಡೆ ಓಡಾಡಿದವಳು ನಾನೇ. ಹಾಗಾಗಿ ನೆಂಟರಲ್ಲಿ, ಆಫೀಸಿನಲ್ಲಿ ಯಾರ ಮನೆಯಲ್ಲಿ ಕಿವಿಯ ತೊಂದರೆ ಶುರುವಾದರೂ ನನಗೊಂದು ಫೋನ್ ಬರುತ್ತದೆ. ಎಲ್ಲರೂ ಕೇಳುವುದು ಒಂದೇ ಮಾತು: "ಎರಡರಲ್ಲಿ ಯಾವುದು ಒಳ್ಳೇದು?"

ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಕಿವಿ ಮಷಿನ್ ಚಿಕ್ಕದು, ಇಂಪ್ಲಾಂಟ್ ಅದರ ದೊಡ್ಡಣ್ಣ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ದುಡ್ಡಿದ್ದವರು ಇಂಪ್ಲಾಂಟ್ ಹಾಕಿಸಿಕೊಳ್ಳುತ್ತಾರೆ, ಇಲ್ಲದವರು ಮಷಿನ್ ಹಾಕಿಕೊಳ್ಳುತ್ತಾರೆ ಅನ್ನುವವರೂ ಇದ್ದಾರೆ. ಎರಡೂ ತಪ್ಪು. ಎರಡರ ಕೆಲಸವೇ ಬೇರೆ. ನಿಮ್ಮ ಒಳಗಿವಿಯಲ್ಲಿ ಇನ್ನೂ ಎಷ್ಟು ಜೀವ ಉಳಿದಿದೆ ಅನ್ನುವುದರ ಮೇಲೆ ಆಯ್ಕೆ ನಿಂತಿದೆ. ಅದನ್ನು ತಿಳಿಯುವುದಕ್ಕೆ ದಾರಿ ಇದೆ.

ಕೇಳಿಸುತ್ತೆ, ಆದರೆ ತಿಳಿಯಲ್ಲ

ಹಾಲು, ಕಾಲು, ಸಾಲು, ಶಾಲು, ಪಾಲು. ಈ ಐದನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಐದರಲ್ಲೂ 'ಆಲು' ಒಂದೇ. ಬೇರೆ ಇರುವುದು ಶುರುವಿನ ಒಂದು ಚೂರು ಸದ್ದು ಮಾತ್ರ. 'ಆ' ಅನ್ನುವ ಸ್ವರ ದಪ್ಪ ದನಿಯದು, ಜೋರಾಗಿ ಬರುತ್ತದೆ. 'ಸ', 'ಶ' ಇವೆಲ್ಲ ಸಣ್ಣ, ಕೀಚಲು ದನಿಯವು, ಮೆತ್ತಗಿರುತ್ತವೆ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಈ ಸಣ್ಣ ಸದ್ದುಗಳನ್ನೇ. ಅದಕ್ಕೇ ಅಮ್ಮ ಯಾವಾಗಲೂ ಅನ್ನುತ್ತಿದ್ದಳು: "ನೀವು ಮಾತಾಡೋದು ಕೇಳ್ಸುತ್ತೆ ಕಣೇ, ಏನು ಅಂತ ಗೊತ್ತಾಗಲ್ಲ." ನಾವು ಜೋರಾಗಿ ಕೂಗುತ್ತಿದ್ದೆವು. ಕೂಗಿದರೆ 'ಆಲು' ಇನ್ನೂ ಜೋರಾಗುತ್ತಿತ್ತು, 'ಸ' ಇದ್ದಲ್ಲೇ ಇರುತ್ತಿತ್ತು. "ಯಾಕೆ ಬಯ್ತೀಯಾ?" ಅಂತ ಅವಳಿಗೆ ಬೇಜಾರು ಬೇರೆ.

ಸದ್ದು ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ಆಯ್ಕೆ ಮಾಡುವಾಗ ಇದನ್ನೇ ಹಿಡಿದುಕೊಂಡು ಹೋಗಬೇಕು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಪುಟ್ಟ ಅಂಗ ಇದೆ. ಅದೇ ಕಾಕ್ಲಿಯ. ಸುಮಾರು ಎರಡೂವರೆ ಸುತ್ತು. ಅದರೊಳಗೆ ಸಾಲಾಗಿ ಕೂದಲಿನಂಥ ಎಳೆಗಳಿರುವ ಕೋಶಗಳು ನಿಂತಿರುತ್ತವೆ. ಸದ್ದಿನ ಅಲೆ ಬಂದು ತಾಗಿದಾಗ ಇವು ಅಲುಗಾಡಿ, ಅದನ್ನು ವಿದ್ಯುತ್ ಸಂಕೇತ ಮಾಡಿ ನರಕ್ಕೆ ದಾಟಿಸುತ್ತವೆ. ಹಾರ್ಮೋನಿಯಂ ಮನೆಗಳ ಹಾಗೆ ಒಂದೊಂದು ಜಾಗಕ್ಕೆ ಒಂದೊಂದು ಸ್ವರ. ಬಾಗಿಲ ಬಳಿ ಕೀಚಲು ಸ್ವರಗಳು, ಒಳಕ್ಕೆ ಹೋದ ಹಾಗೆ ದಪ್ಪ ಸ್ವರಗಳು. ನರಕ್ಕೆ ಸುದ್ದಿ ಮುಟ್ಟಿಸುವ ಮುಖ್ಯ ಕೋಶಗಳು ಒಂದು ಕಿವಿಯಲ್ಲಿ ಇರುವುದು ಬರೀ 3,500ರಷ್ಟು. ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಕಿವಿ ಮಷಿನ್ ಸದ್ದನ್ನು ಹಿಡಿದು, ನಿಮಗೆ ಎಲ್ಲಿ ಕೊರತೆ ಇದೆಯೋ ಅಲ್ಲಿ ಹೆಚ್ಚಿಸಿ, ಕಿವಿಯೊಳಗೆ ಬಿಡುತ್ತದೆ. ಮುಂದಿನ ಕೆಲಸ ಉಳಿದಿರುವ ಆ ಕೋಶಗಳದ್ದೇ. ಅವು ಸಾಕಷ್ಟು ಉಳಿದಿದ್ದರೆ ಮಷಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚಿನವು ಹೋಗಿಬಿಟ್ಟಿದ್ದರೆ ಎಷ್ಟು ಜೋರು ಮಾಡಿದರೂ ಸದ್ದು ಜಾಸ್ತಿ ಆಗುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ.

ಇಂಪ್ಲಾಂಟ್ ಆ ಕೋಶಗಳನ್ನು ನೆಚ್ಚಿಕೊಂಡಿಲ್ಲ. ಕಿವಿಯ ಹಿಂದೆ ಹೊರಗಡೆ ಸದ್ದನ್ನು ಹಿಡಿದು ಸಂಕೇತ ಮಾಡುವ ಒಂದು ಪ್ರೊಸೆಸರ್ ಇರುತ್ತದೆ. ತಲೆಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ, ಬಿಲ್ಲೆಯಂಥ ಒಂದು ಕಾಯಿಲ್ ಇರುತ್ತದೆ. ಚರ್ಮದ ಕೆಳಗೆ ಆ ಸಂಕೇತ ಪಡೆಯುವ ಇನ್ನೊಂದು ಭಾಗ. ಅದರಿಂದ ಹೊರಟ ಸಣ್ಣ ತಂತಿ ಬಸವನಹುಳುವಿನ ಒಳಕ್ಕೆ ಹೋಗುತ್ತದೆ. ಆ ತಂತಿಯ ಮೇಲಿನ ಎಲೆಕ್ಟ್ರೋಡುಗಳು ನೇರವಾಗಿ ನರವನ್ನೇ ಮಿಡಿಯುತ್ತವೆ. ಒಂದೊಂದು ಕಂಪನಿಯದು ಒಂದೊಂದು ಥರ, ಒಂದು ತಂತಿಯಲ್ಲಿ ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡುಗಳು. 3,500 ಕೋಶ ಮಾಡುತ್ತಿದ್ದ ಕೆಲಸವನ್ನು 22 ಬಿಂದು ಮಾಡಬೇಕು ಅಂದರೆ ಯೋಚಿಸಿ. ಹಾಗಾಗಿ ಇಂಪ್ಲಾಂಟ್ ಹಳೆಯ ಕಿವಿಯನ್ನು ವಾಪಸ್ ಕೊಡುವುದಿಲ್ಲ. ಅದು ಬೇರೆಯದೇ ಥರದ ಕೇಳ್ಮೆ. ಮಿದುಳು ಅದನ್ನು ಹೊಸದಾಗಿ ಕಲಿಯಬೇಕು.

ಎರಡು ಕಾಗದ, ಎರಡು ಕಥೆ

ಪರೀಕ್ಷೆ ಮಾಡಿಸಿದಾಗ ಆಡಿಯೋಗ್ರಾಂ ಅಂತ ಒಂದು ಕಾಗದ ಕೊಡುತ್ತಾರೆ. ಎಡದಿಂದ ಬಲಕ್ಕೆ ದಪ್ಪ ದನಿಯಿಂದ ಸಣ್ಣ ದನಿ. ಮೇಲಿನಿಂದ ಕೆಳಕ್ಕೆ ಮೆತ್ತಗಿನಿಂದ ಜೋರು, ಡೆಸಿಬಲ್ ಲೆಕ್ಕದಲ್ಲಿ. ಗೆರೆ ಕೆಳಗೆ ಹೋದಷ್ಟೂ ಕಿವಿ ಮಂದ.

ಅಮ್ಮನ ಗೆರೆ ಎಡಗಡೆ 30ರ ಹತ್ತಿರ ಶುರುವಾಗಿ ಬಲಗಡೆ 65ಕ್ಕೆ ಇಳಿಯುತ್ತದೆ, ಗುಡ್ಡದ ಇಳಿಜಾರಿನ ಹಾಗೆ. ಮಾವನ ಗೆರೆ 90ರಲ್ಲಿ ಶುರುವಾಗಿ ಕೆಳಗೇ ಹೋಗುತ್ತದೆ. ಕೆಲವು ಕಡೆ ಉತ್ತರವೇ ಇಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಕಿ ಅದೇ ಕಾಗದದ ಕೆಳಗಡೆ ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಅದು ಮಾತಿನ ಪರೀಕ್ಷೆಯ ಅಂಕ. ಒಂದಷ್ಟು ಪದಗಳನ್ನು ಕೇಳುವಷ್ಟು ಜೋರಾಗಿ ಹೇಳಿ, ಎಷ್ಟು ಸರಿಯಾಗಿ ತಿರುಗಿ ಹೇಳಿದರು ಅಂತ ಶೇಕಡಾವಾರು ಬರೆಯುತ್ತಾರೆ. ಅಮ್ಮನಿಗೆ 88 ಬಂದಿತ್ತು. ಮಾವನಿಗೆ ಒಳ್ಳೆಯ ಪವರ್ ಮಷಿನ್ ಹಾಕಿಸಿ ಕೇಳಿದರೂ 20 ದಾಟಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಏನು ಅಂತ ತೀರ್ಮಾನ ಮಾಡಿದ್ದು ಈ ಎರಡು ಅಂಕಿ.

ಆಡಿಯಾಲಜಿಸ್ಟ್‌ಗಳು, ಅಂದರೆ ಕಿವಿ ಪರೀಕ್ಷೆ ಮಾಡಿ ಮಷಿನ್ ಹೊಂದಿಸುವ ತಜ್ಞರು, 60/60 ಅನ್ನುವ ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ. ಚೆನ್ನಾಗಿ ಕೇಳುವ ಕಿವಿಯಲ್ಲೇ ಸರಾಸರಿ 60 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ನಷ್ಟ ಇದೆ, ಮಷಿನ್ ಇಲ್ಲದೆ ಮಾಡಿದ ಮಾತಿನ ಪರೀಕ್ಷೆಯಲ್ಲಿ ಅಂಕ 60 ಅಥವಾ ಅದಕ್ಕಿಂತ ಕಡಿಮೆ ಇದೆ ಅಂದರೆ, ಇಂಪ್ಲಾಂಟ್ ಬೇಕಾ ಅಂತ ಪರಿಶೀಲಿಸಲು ಕಳಿಸಬೇಕು ಅಂತ. ಗಮನಿಸಿ, ಆಪರೇಷನ್‌ಗೆ ಅಲ್ಲ, ಪರಿಶೀಲನೆಗೆ. ಈ ಲೆಕ್ಕದೊಳಗೆ ಬರದ ಹೆಚ್ಚಿನವರಿಗೆ ಇಂಪ್ಲಾಂಟ್ ಮಾತು ಬೇಕಿಲ್ಲ. ಒಳ್ಳೆಯ ಮಷಿನ್ ಸಾಕು.

ಬೆಂಗಳೂರಿನಲ್ಲಿ ಇರುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮಾತಿನ ಪರೀಕ್ಷೆ ನಿಮ್ಮ ಮನೆಮಾತಿನಲ್ಲೇ ಆಗಲಿ. ಕನ್ನಡದ ಪದಪಟ್ಟಿಗಳು ಇವೆ, ಕೇಳಿ ಮಾಡಿಸಿಕೊಳ್ಳಿ. ಇಂಗ್ಲಿಷ್ ಪದ ಹೇಳಿ ಪರೀಕ್ಷೆ ಮಾಡಿದರೆ ನಮ್ಮ ಅಮ್ಮನಂಥವರಿಗೆ ಪದ ಗೊತ್ತಿಲ್ಲದೆ ಅಂಕ ಕಡಿಮೆ ಬರುತ್ತದೆ, ಕಿವಿಯ ತಪ್ಪಿನಿಂದ ಅಲ್ಲ. ಮನೆಯಲ್ಲಿ ತೆಲುಗೋ ಉರ್ದುವೋ ತಮಿಳೋ ಆಡುವವರಾದರೆ ಅದನ್ನೇ ಹೇಳಿ.

ಮನೆಯಲ್ಲೇ ಒಂದು ಅಂದಾಜು ಸಿಗಬೇಕಾ? ಮಷಿನ್ ಹಾಕಿಕೊಂಡವರ ಹಿಂದೆ ಮೂರಡಿ ದೂರ ನಿಂತುಕೊಳ್ಳಿ. ಟಿವಿ, ಫ್ಯಾನ್ ಎಲ್ಲ ಆಫ್ ಮಾಡಿ. ಮಾಮೂಲಿ ದನಿಯಲ್ಲಿ ಬಿಡಿಬಿಡಿಯಾಗಿ 20 ಪದ ಹೇಳಿ, ಅವರು ತಿರುಗಿ ಹೇಳಲಿ. ಮುಖ ಕಾಣಬಾರದು. ತುಟಿ ನೋಡಿ ತಿಳಿಯುವ ಅಭ್ಯಾಸ ಎಲ್ಲರಿಗೂ ಬಂದಿರುತ್ತದೆ, ಅವರಿಗೇ ಗೊತ್ತಿಲ್ಲದ ಹಾಗೆ. ಮಾವನಿಗೆ ಹೀಗೆ ಮಾಡಿದ ದಿನ 20ರಲ್ಲಿ ಮೂರು ಸರಿ ಬಂತು. ಎದುರು ಕೂತು ಹೇಳಿದಾಗ ಹದಿಮೂರು. ಅಲ್ಲಿವರೆಗೆ ಅತ್ತೆ "ಅವರಿಗೆ ಮಷಿನ್ ಸಾಕು, ಗಮನ ಕೊಡಲ್ಲ ಅಷ್ಟೆ" ಅನ್ನುತ್ತಿದ್ದರು. ಆ ದಿನ ಅವರು ಅಡುಗೆಮನೆಗೆ ಹೋಗಿ ಅತ್ತುಬಿಟ್ಟರು.

ಮಷಿನ್ ಕೆಲಸ ಮಾಡದಿದ್ದರೆ ಮೊದಲು ಮಷಿನ್ ಅನ್ನೇ ನೋಡಿ

ಇಂಪ್ಲಾಂಟ್ ಕಡೆ ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈಗಿರುವ ಮಷಿನ್ ಸರಿಯಾಗಿ ಹೊಂದಿಸಿದ್ದಾರಾ? ಅಮ್ಮನ ಕಥೆ ಹೇಳುತ್ತೇನೆ.

ಅಮ್ಮನಿಗೆ ಮೊದಲು ಮಷಿನ್ ಕೊಡಿಸಿದ್ದು ಒಂದು ಅಂಗಡಿಯಲ್ಲಿ. ಸದ್ದು ತಡೆಯುವ ಕೋಣೆ ಇರಲಿಲ್ಲ, ರಸ್ತೆಯ ಹಾರ್ನ್ ಒಳಗೇ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಪರೀಕ್ಷೆ, ಬಿಲ್ಲು ಎರಡೂ ಮುಗಿದವು. ಜೋಡಿಗೆ 90 ಸಾವಿರ. ಮನೆಗೆ ಬಂದ ಮೇಲೆ ಪಾತ್ರೆ ಇಟ್ಟರೆ ತಲೆಗೆ ಹೊಡೆದ ಹಾಗೆ, ಮಾತು ಮಾತ್ರ ಮೊದಲಿನ ಹಾಗೇ. ಏಳು ತಿಂಗಳು ಅದು ದೇವರ ಮನೆಯ ಡ್ರಾಯರಿನಲ್ಲಿ ಇತ್ತು. ಆಮೇಲೆ ಒಬ್ಬ ಆಡಿಯಾಲಜಿಸ್ಟ್ ಹತ್ತಿರ ಹೋದೆವು. ಅವರು ಹೊಸ ಮಷಿನ್ ಮಾತೇ ಎತ್ತಲಿಲ್ಲ. ಅಮ್ಮನ ಕಿವಿಯೊಳಗೆ ದಾರದಷ್ಟು ಸಣ್ಣ ಒಂದು ಕೊಳವೆ ಇಟ್ಟು, ಮಷಿನ್ ಹಾಕಿ, ಕಿವಿತಮಟೆಯ ಹತ್ತಿರ ಸದ್ದು ನಿಜವಾಗಿ ಎಷ್ಟು ತಲುಪುತ್ತಿದೆ ಅಂತ ಕಂಪ್ಯೂಟರಿನಲ್ಲಿ ಅಳೆದರು. ಇದನ್ನು ರಿಯಲ್ ಇಯರ್ ಪರೀಕ್ಷೆ ಅನ್ನುತ್ತಾರೆ. ಸಣ್ಣ ದನಿಗಳಿಗೆ ಬೇಕಾದಷ್ಟು ಬಲ ಕೊಟ್ಟಿರಲೇ ಇಲ್ಲ ಅಂತ ಆಗ ಗೊತ್ತಾಯಿತು. ಮೂರು ಸಲ ಹೋಗಿ ಬಂದ ಮೇಲೆ ಅದೇ ಮಷಿನ್‌ನಲ್ಲಿ ಅಮ್ಮ ಹಾಲಿಗೂ ಶಾಲಿಗೂ ವ್ಯತ್ಯಾಸ ಹೇಳತೊಡಗಿದಳು. ಮಷಿನ್ ಅದೇ. ಬದಲಾಗಿದ್ದು ಹೊಂದಿಸಿದ ರೀತಿ.

ಅದಕ್ಕೇ ನನ್ನ ಖಂಡಿತ ಅಭಿಪ್ರಾಯ: ಸದ್ದನ್ನು ಇಷ್ಟು ಭಾಗ ಮಾಡಿ ಹೊಂದಿಸುತ್ತದೆ, 20 ಚಾನೆಲ್, 24 ಚಾನೆಲ್ ಅಂತ ಅಂಗಡಿಯವರು ಹೇಳುವುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಹೊಂದಿಸುವವರು ಯಾರು, ರಿಯಲ್ ಇಯರ್ ಮಾಡುತ್ತಾರಾ, ಕೆಲವು ದಿನ ಮನೆಯಲ್ಲಿ ಹಾಕಿ ನೋಡಲು ಕೊಡುತ್ತಾರಾ ಅಂತ ಕೇಳಿ. ಆಡಿಯಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಆ ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಡಬ್ಬಿಗಳು ಎಲ್ಲ ಸದ್ದನ್ನೂ ಒಟ್ಟಿಗೆ ಜೋರು ಮಾಡುತ್ತವೆ ಅಷ್ಟೆ. ಅವು ಬೇಡ.

ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ಕಾಡುವಂಥದ್ದು. ಬ್ಯಾಟರಿ. ಸಣ್ಣ ಮಷಿನ್‌ಗೆ ಹಳದಿ ಸ್ಟಿಕ್ಕರಿನ 10 ನಂಬರ್, ಆಮೇಲೆ ಕಂದು 312, ಕಿತ್ತಳೆ 13, ಪವರ್ ಮಷಿನ್‌ಗೆ ನೀಲಿಯ 675. ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಗಾಳಿಯಿಂದಲೇ ಅದು ಜೀವ ಪಡೆಯುವುದು. ಅಮ್ಮನ ಬೆರಳು ಈಗ ಸ್ವಲ್ಪ ನಡುಗುತ್ತದೆ. ಮಸೂರ ಬೇಳೆಗಿಂತ ಚೂರು ದೊಡ್ಡ ಬ್ಯಾಟರಿಯನ್ನು ಅವಳು ಹಾಸಿಗೆಯ ಮೇಲೆ ಟವಲ್ ಹಾಸಿಕೊಂಡು ಬದಲಿಸುತ್ತಾಳೆ, ಬಿದ್ದರೆ ಸಿಗಲಿ ಅಂತ. 70 ದಾಟಿದವರಿಗೆ ಕೊಳ್ಳುತ್ತಿದ್ದರೆ ಚಾರ್ಜ್ ಮಾಡುವಂಥದ್ದನ್ನೇ ತೆಗೆದುಕೊಳ್ಳಿ. ಕಾಣದಷ್ಟು ಚಿಕ್ಕದು ಬೇಕು ಅಂತ ಹಟ ಬೇಡ.

ಇಂಪ್ಲಾಂಟ್ ಅಂದರೆ ಆಪರೇಷನ್ ಒಂದು ಭಾಗ ಮಾತ್ರ

ಮಾವ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ 28 ವರ್ಷ ಕೆಲಸ ಮಾಡಿದವರು. ಸದ್ದಿಗೆ ಕಿವಿ ಮೊದಲೇ ಅರ್ಧ ಹೋಗಿತ್ತು. ಆಮೇಲೆ ಒಂದು ದೊಡ್ಡ ಸೋಂಕು ಬಂದು ಜೀವ ಉಳಿಸಲು ಬಲವಾದ ಇಂಜೆಕ್ಷನ್ ಕೊಡಬೇಕಾಯಿತು. ಕೆಲವು ಆಂಟಿಬಯಾಟಿಕ್‌ಗಳು ಒಳಗಿವಿಯ ಕೋಶಗಳಿಗೆ ಪೆಟ್ಟು ಕೊಡುತ್ತವೆ. ಉಳಿದದ್ದೂ ಹೋಯಿತು.

ಆಪರೇಷನ್‌ಗೆ ಮುಂಚೆ ಸಿಟಿ, ಎಂಆರ್‌ಐ ಮಾಡಿ ಕಾಕ್ಲಿಯ ಹೇಗಿದೆ, ನರ ಇದೆಯಾ ಅಂತ ನೋಡುತ್ತಾರೆ. ನ್ಯುಮೋಕಾಕಲ್ ಲಸಿಕೆ ಎರಡು ವಾರ ಮೊದಲೇ ಆಗಿರಬೇಕು. ಇಂಪ್ಲಾಂಟ್ ಆದವರಿಗೆ ಮೆದುಳುಪೊರೆಯ ಸೋಂಕಿನ ಅಪಾಯ ಸ್ವಲ್ಪ ಇರುತ್ತದೆ, ಅದಕ್ಕೆ. ಪೂರ್ತಿ ಅರಿವಳಿಕೆ ಕೊಟ್ಟು ಕಿವಿಯ ಹಿಂದೆ ಕೊಯ್ದು ಮಾಡುತ್ತಾರೆ, ಎರಡು ಮೂರು ಗಂಟೆ ಹಿಡಿಯುತ್ತದೆ. ಮಾವ ಮೂರನೇ ದಿನ ಮನೆಗೆ ಬಂದರು. ಒಂದು ವಾರ ತಲೆ ಸುತ್ತು, ಬಾಯಿರುಚಿ ಸರಿ ಇರಲಿಲ್ಲ. ಮುಖದ ನರ ಅಲ್ಲೇ ಹತ್ತಿರ ಹಾದುಹೋಗುತ್ತದೆ, ಅದಕ್ಕೆ ತೊಂದರೆ ಆಗುವುದು ಅಪರೂಪ, ಆದರೂ ಸರ್ಜನ್ ಹತ್ತಿರ ಕೇಳಿ ತಿಳಿದುಕೊಳ್ಳಿ. ಇನ್ನೊಂದು ದೊಡ್ಡ ವಿಷಯ: ಆ ಕಿವಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಕೇಳ್ಮೆಯೂ ಆಪರೇಷನ್‌ನಲ್ಲಿ ಹೋಗಬಹುದು. ಮಷಿನ್ ಸರಿ ಬರದಿದ್ದರೆ ತೆಗೆದಿಡಬಹುದು. ಇದು ಹಾಗಲ್ಲ. ಅದಕ್ಕೇ ಮಷಿನ್‌ನಿಂದ ಎಷ್ಟು ಸಿಗುತ್ತದೆ ಅಂತ ಪ್ರಾಮಾಣಿಕವಾಗಿ ನೋಡಿದ ಮೇಲೆಯೇ ಇದಕ್ಕೆ ಕೈ ಹಾಕಬೇಕು.

ಗಾಯ ಮಾಗಿ ಎರಡು ಮೂರು ವಾರ ಆದ ಮೇಲೆ ಸ್ವಿಚ್ ಆನ್. ಆ ದಿನದ ಬಗ್ಗೆ ಯಾರೂ ನಮ್ಮನ್ನು ಸರಿಯಾಗಿ ಸಿದ್ಧ ಮಾಡಿರಲಿಲ್ಲ. ವಿಡಿಯೋಗಳಲ್ಲಿ ನೋಡುವ ಹಾಗೆ ಕಣ್ಣೀರು, ನಗು ಅಂದುಕೊಂಡಿದ್ದೆವು. ಅತ್ತೆ ಹೊಸ ಸೀರೆ ಉಟ್ಟುಕೊಂಡು ಬಂದಿದ್ದರು. ಮಾವ ಹುಬ್ಬು ಗಂಟು ಹಾಕಿಕೊಂಡು ಕೂತಿದ್ದರು. "ಏನ್ ಮಾವ, ಕೇಳಿಸ್ತಿದ್ಯಾ?" ಅಂತ ಬರೆದು ತೋರಿಸಿದೆ. "ಸ್ಟೇಷನ್ ಸಿಗದ ರೇಡಿಯೋ ಥರ ಇದೆ ಕಣಮ್ಮ. ನೀನು, ನಿಮ್ಮತ್ತೆ, ಡಾಕ್ಟ್ರು ಎಲ್ಲರ ದನಿಯೂ ಒಂದೇ" ಅಂದರು. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಯಾರೂ ಮಾತಾಡಲಿಲ್ಲ.

ಮೂರನೇ ವಾರ ಕುಕ್ಕರ್ ಕೂಗಿದ್ದು ಗೊತ್ತಾಯಿತು. ಆಮೇಲೆ ದಿನಾ ಬೆಳಗ್ಗೆ ಅರ್ಧ ಗಂಟೆ ಅತ್ತೆ ಪೇಪರಿನ ತಲೆಬರಹ ಓದುತ್ತಿದ್ದರು, ಮಾವ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಿದ್ದರು. ಒಂದು ತಿಂಗಳಾದ ಮೇಲೆ ಪೇಪರ್ ಅತ್ತೆಯ ಕೈಯಲ್ಲಿ ಮಾತ್ರ. ಹಾಲು, ಕಾಲು, ಸಾಲು ಪಾಠವೂ ನಡೆಯಿತು. ನಡುನಡುವೆ ಮ್ಯಾಪಿಂಗ್, ಅಂದರೆ ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ಕರೆಂಟ್ ಬೇಕು ಅಂತ ಹೊಂದಿಸುವುದು. ಮೊದಲ ವರ್ಷ ಏಳೆಂಟು ಸಲ ಹೋಗಿದ್ದೇವೆ. ಆರನೇ ತಿಂಗಳಲ್ಲಿ ಮಾಡಿದ ಮಾತಿನ ಪರೀಕ್ಷೆಯಲ್ಲಿ 20 ಇದ್ದದ್ದು 70 ಆಗಿತ್ತು. ಎಲ್ಲರಿಗೂ ಇಷ್ಟೇ ಬರುತ್ತದೆ ಅಂತ ಹೇಳಲಾರೆ. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ.

ಈ ಮನೆಪಾಠಕ್ಕೆ ಯಾರಾದರೂ ಜೊತೆಗಿದ್ದಾರಾ? ಆಪರೇಷನ್ ದಿನಾಂಕ ಗೊತ್ತು ಮಾಡುವ ಮುಂಚೆ ಇದನ್ನು ಯೋಚಿಸಿ. ಒಬ್ಬರೇ ಇರುವವರಾದರೆ ಸ್ಪೀಚ್ ಥೆರಪಿಗೆ ವಾರಕ್ಕೆರಡು ಸಲ ಹೋಗುವ ಏರ್ಪಾಡಾದರೂ ಇರಬೇಕು.

ವಯಸ್ಸು ಜಾಸ್ತಿ ಆಯ್ತಲ್ಲ ಅಂತ ಹಿಂದೆ ಸರಿಯಬೇಡಿ. ಅರಿವಳಿಕೆ ತಡೆಯುವ ಆರೋಗ್ಯ ಇದ್ದರೆ 80 ದಾಟಿದವರಿಗೂ ಮಾಡುತ್ತಾರೆ. ವಯಸ್ಸಿಗಿಂತ ಮುಖ್ಯವಾದದ್ದು, ಕಿವಿ ಎಷ್ಟು ವರ್ಷದಿಂದ ಸದ್ದೇ ಇಲ್ಲದೆ ಸುಮ್ನೆ ಇದೆ ಅನ್ನುವುದು. ಹತ್ತಿಪ್ಪತ್ತು ವರ್ಷ ಏನೂ ಕೇಳದೆ, ಮಷಿನ್ ಕೂಡ ಹಾಕದೆ ಬಿಟ್ಟ ಕಿವಿಯಲ್ಲಿ ಫಲ ಕಡಿಮೆ. ಹುಟ್ಟಿನಿಂದಲೇ ಕೇಳದೆ, ಮಾತಿನ ಸದ್ದಿನ ಪರಿಚಯವೇ ಇಲ್ಲದೆ ಬೆಳೆದವರಿಗೆ ದೊಡ್ಡವರಾದ ಮೇಲೆ ಇಂಪ್ಲಾಂಟ್ ಹಾಕಿಸಿದರೆ ಸದ್ದಿನ ಅರಿವು ಬರಬಹುದು, ಮಾತು ತಿಳಿಯುವುದು ಕಷ್ಟ. ಅವರಿಗೆ ಸನ್ನೆ ಭಾಷೆ ಇದೆ, ಅದು ಪೂರ್ತಿ ಭಾಷೆಯೇ. ಅಂಥವರ ಮೇಲೆ ಮನೆಯವರು ಇಂಪ್ಲಾಂಟ್ ಹೇರಬಾರದು ಅಂತ ನನಗೆ ಅನ್ನಿಸುತ್ತದೆ.

ದಿನದ ಬದುಕಿನಲ್ಲಿ

ಹಾಡು ಕೇಳುವವರು ಇದನ್ನು ಓದಿ. ಅಮ್ಮ ಮಷಿನ್ ಹಾಕಿಕೊಂಡು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿ ಕೇಳಿ ಬರುತ್ತಾಳೆ. ಸಂಗೀತಕ್ಕೆ ಅಂತ ಬೇರೆ ಸೆಟ್ಟಿಂಗ್ ಮಾಡಿಸಿಕೊಂಡಿದ್ದಾಳೆ. ಮಾವನಿಗೆ ಮೃದಂಗ ಚೆನ್ನಾಗಿ ಸಿಗುತ್ತದೆ, ರಾಗ ಸಿಗುವುದಿಲ್ಲ. ಇಂಪ್ಲಾಂಟ್ ತಾಳವನ್ನು ಕೊಡುತ್ತದೆ, ಶ್ರುತಿಯನ್ನು ಬಿಡಿಸಿ ಕೊಡುವುದಿಲ್ಲ, ಬಿಂದುಗಳು ಕಡಿಮೆ. ಹಳೆಯ ಹಾಡು ನೆನಪಿದ್ದರೆ ನೆನಪು ತುಂಬಿಕೊಳ್ಳುತ್ತದೆ. ಹೊಸ ಹಾಡು ಅವರಿಗೆ ಸದ್ದು ಅಷ್ಟೆ. ಇದು ಅವರಿಗೆ ಇವತ್ತಿಗೂ ಸಂಕಟ.

ದರ್ಶಿನಿಯಲ್ಲಿ, ಮದುವೆ ಮಂಟಪದಲ್ಲಿ ಇಬ್ಬರೂ ಕಷ್ಟಪಡುತ್ತಾರೆ. ಗದ್ದಲದಲ್ಲಿ ಮಾತು ಆರಿಸಿಕೊಳ್ಳುವುದು ಎರಡಕ್ಕೂ ಸುಲಭವಲ್ಲ. ಎದುರಿನವರ ಶರ್ಟಿಗೆ ಸಿಕ್ಕಿಸುವ ಸಣ್ಣ ಮೈಕ್ ಸಿಗುತ್ತದೆ, ಎರಡಕ್ಕೂ ಬರುತ್ತದೆ. ಮಾವ ಅದನ್ನು ಬ್ಯಾಂಕಿಗೆ ಹೋದಾಗ ಕೌಂಟರಿನ ಮೇಲೆ ಇಡುತ್ತಾರೆ.

ಟೂ ವೀಲರ್ ಓಡಿಸುವವರು ಹೆಲ್ಮೆಟ್ ಬಗ್ಗೆ ಯೋಚಿಸಿ. ಮಷಿನ್ ಒಳಗೆ ಕುಂಯ್ ಅನ್ನಬಹುದು, ಇಂಪ್ಲಾಂಟಿನ ಕಾಯಿಲ್ ಜಾರಿ ಬೀಳುತ್ತದೆ. ಮಾವ ತೆಗೆದು ಡಬ್ಬಿಯಲ್ಲಿ ಇಟ್ಟುಕೊಂಡೇ ಹಿಂದೆ ಕೂರುತ್ತಾರೆ. ಮಳೆಗಾಲದಲ್ಲಿ ಎರಡನ್ನೂ ರಾತ್ರಿ ತೇವ ಹೀರುವ ಡಬ್ಬಿಯಲ್ಲಿ ಇಡಬೇಕು.

ಎಂಆರ್‌ಐ ವಿಷಯ ಇಂಪ್ಲಾಂಟ್‌ನಲ್ಲಿ ಗಂಭೀರ. ಒಳಗೆ ಅಯಸ್ಕಾಂತ ಇದೆ. ಈಗಿನ ಕೆಲವು ಮಾಡೆಲ್‌ಗಳಲ್ಲಿ 3 ಟೆಸ್ಲಾವರೆಗೂ (ಸ್ಕ್ಯಾನ್ ಯಂತ್ರದ ಅಯಸ್ಕಾಂತದ ಬಲ) ಸ್ಕ್ಯಾನ್ ಮಾಡಬಹುದು, ಕೆಲವದರಲ್ಲಿ ಅಯಸ್ಕಾಂತ ತೆಗೆಯಬೇಕಾಗುತ್ತದೆ. ಸೊಂಟ, ಮಂಡಿ, ತಲೆ ಅಂತ ಮುಂದೆ ಸ್ಕ್ಯಾನ್ ಬೇಕಾಗುವ ವಯಸ್ಸು, ಅಲ್ವಾ? ಮಾಡೆಲ್ ಆರಿಸುವಾಗಲೇ ಕೇಳಿ. ಇಂಪ್ಲಾಂಟ್ ಇದೆ ಅನ್ನುವ ಕಾರ್ಡ್ ಪರ್ಸಿನಲ್ಲಿ ಇರಲಿ. ಮೆಟ್ರೋ ಬಾಗಿಲಲ್ಲಿ, ಏರ್‌ಪೋರ್ಟಿನಲ್ಲಿ ತೋರಿಸಲೂ ಬೇಕು.

ದುಡ್ಡು

ಡಿಜಿಟಲ್ ಮಷಿನ್ ಒಂದು ಕಿವಿಗೆ ಸುಮಾರು 15-20 ಸಾವಿರದಿಂದ ಶುರುವಾಗಿ ಎರಡು ಮೂರು ಲಕ್ಷದವರೆಗೆ ಹೋಗುತ್ತದೆ. ನಾಲ್ಕರಿಂದ ಆರು ವರ್ಷ ಬಾಳಿಕೆ. ಇಂಪ್ಲಾಂಟ್ ಒಂದು ಕಿವಿಗೆ, ಆಪರೇಷನ್ ಸೇರಿ, ನಾವು ಬೆಂಗಳೂರಿನಲ್ಲಿ ವಿಚಾರಿಸಿದಾಗ ಏಳು ಲಕ್ಷದಿಂದ 15 ಲಕ್ಷದ ಮೇಲೂ ಹೇಳಿದರು. ಒಳಗಿನ ಭಾಗ ದಶಕಗಟ್ಟಲೆ ಬಾಳುವ ಹಾಗೆ ಮಾಡಿರುತ್ತಾರೆ. ಹೊರಗಿನ ಪ್ರೊಸೆಸರ್ ಹಾಗಲ್ಲ. ಕೆಲವು ವರ್ಷಕ್ಕೆ ಹಳೆಯದಾಗುತ್ತದೆ, ಬದಲಿಸಲು ಮತ್ತೆ ಲಕ್ಷಗಳು. ವೈರ್, ಕಾಯಿಲ್, ಬ್ಯಾಟರಿಗೂ ಖರ್ಚಿದೆ. ಮೊದಲ ಬಿಲ್ಲನ್ನು ಮಾತ್ರ ಲೆಕ್ಕ ಹಾಕಿ ಸಾಲ ಮಾಡಬೇಡಿ. ವಾರಂಟಿ ಎಷ್ಟು ವರ್ಷ, ಅದರಲ್ಲಿ ಪ್ರೊಸೆಸರ್ ಸೇರಿದೆಯಾ, ಸರ್ವಿಸ್ ಸೆಂಟರ್ ಊರಲ್ಲೇ ಇದೆಯಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ವಿಮೆ ಇದ್ದರೆ ಆಪರೇಷನ್ ಮತ್ತು ಸಾಧನ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ದೊಡ್ಡವರಿಗೂ ಮಷಿನ್ ಸಿಗುತ್ತದೆ. ಆದಾಯದ ಮಿತಿ ಇದೆ, ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಇಂಪ್ಲಾಂಟ್ ಮಾತ್ರ ಅದರಲ್ಲಿ ಮಕ್ಕಳಿಗೇ. ನಮ್ಮ ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಕೂಡ ಚಿಕ್ಕ ಮಕ್ಕಳದ್ದು. ನಡುವಯಸ್ಸಿನಲ್ಲಿ ಕಿವಿ ಕಳೆದುಕೊಂಡು ಕೆಲಸ ಬಿಡುವ ಹಾಗಾದವರಿಗೆ ಇಂಥದ್ದೊಂದು ಬೇಕು ಅಂತ ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ.

ಪರೀಕ್ಷೆಗೆ ಬೆಂಗಳೂರಿನಲ್ಲಿ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಹಾನ್ಸ್‌ನಲ್ಲಿ ವಾಕ್ ಶ್ರವಣ ವಿಭಾಗ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಮಾರುವವರಲ್ಲದ ಕಡೆ ಒಂದು ಅಭಿಪ್ರಾಯ ತೆಗೆದುಕೊಳ್ಳುವುದಕ್ಕೆ ಒಂದು ದಿನ ರಜೆ ಹಾಕಿದರೂ ನಷ್ಟ ಇಲ್ಲ.

ಎರಡೂ ಬೇಡದವರೂ ಇದ್ದಾರೆ. ಗುಗ್ಗೆ ಕಟ್ಟಿರಬಹುದು, ತಮಟೆ ತೂತಾಗಿ ಕಿವಿ ಸೋರುತ್ತಿರಬಹುದು, ನಡುಗಿವಿಯ ಪುಟ್ಟ ಮೂಳೆ ಬಿಗಿದುಕೊಂಡಿರಬಹುದು. ಇವಕ್ಕೆ ಬೇರೆ ಚಿಕಿತ್ಸೆ ಇದೆ. ಅದಕ್ಕೆ ಮೊದಲು ಇಎನ್‌ಟಿ ಡಾಕ್ಟರ್ ನೋಡಲಿ. ರಾತ್ರಿ ಸರಿ ಇದ್ದ ಕಿವಿ ಬೆಳಗ್ಗೆ ಇದ್ದಕ್ಕಿದ್ದಂತೆ ಕೇಳದಿದ್ದರೆ ಅದು ತುರ್ತು. "ನೆಗಡಿ ಇರಬೇಕು" ಅಂತ ಕಾಯದೆ ಅದೇ ದಿನ ಹೋಗಿ. ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಒಂದು ಕಿವಿಗೆ ಅದು, ಇನ್ನೊಂದಕ್ಕೆ ಇದು

ಮಾವನಿಗೆ ಇಂಪ್ಲಾಂಟ್ ಬಲಗಿವಿಗೆ ಮಾತ್ರ. ಎಡಗಿವಿಯಲ್ಲಿ ದಪ್ಪ ದನಿಗಳು ಸ್ವಲ್ಪ ಉಳಿದಿವೆ, ಅಲ್ಲಿ ಪವರ್ ಮಷಿನ್ ಇದೆ. ಬಲಗಿವಿ 'ಸ', 'ಶ' ಕೊಡುತ್ತದೆ, ಎಡಗಿವಿ ದನಿಗೆ ಮೈ ತುಂಬುತ್ತದೆ. ಎರಡೂ ಇದ್ದಾಗ ಮಾತನಾಡುವುದು ಗಂಡಸಾ ಹೆಂಗಸಾ ಅಂತ ಥಟ್ಟನೆ ಹೇಳುತ್ತಾರೆ. ಇಂಪ್ಲಾಂಟ್ ಆಯ್ತಲ್ಲ ಅಂತ ಇನ್ನೊಂದು ಕಿವಿಯ ಮಷಿನ್ ತೆಗೆದಿಟ್ಟು ಬಿಡುವವರಿದ್ದಾರೆ. ತೆಗೆಯುವ ಮುಂಚೆ ಆಡಿಯಾಲಜಿಸ್ಟ್ ಹತ್ತಿರ ಎರಡನ್ನೂ ಹಾಕಿಕೊಂಡು, ಒಂದನ್ನೇ ಹಾಕಿಕೊಂಡು, ಎರಡು ಸಲ ಮಾತಿನ ಪರೀಕ್ಷೆ ಮಾಡಿಸಿ.

ಹೋದ ಭಾನುವಾರ ಅಮ್ಮ ಮಾವನಿಗೆ ಫೋನ್ ಮಾಡಿದ್ದಳು, ವಿಡಿಯೋ ಇಲ್ಲದ ಮಾಮೂಲಿ ಕಾಲ್. ಮಾತಾಡುತ್ತಾ ಮಾತಾಡುತ್ತಾ 22 ನಿಮಿಷ ಆಯಿತು. ಹಪ್ಪಳದ ಹಿಟ್ಟಿಗೆ ಎಷ್ಟು ಇಂಗು ಅಂತ ಶುರುವಾಗಿ, ತಿಪಟೂರಿನ ಹಳೇ ಮನೆಯ ಮಾತಿಗೆ ಹೋಯಿತು. ನಡುವೆ ಎರಡು ಸಲ ಮಾವ "ಅಕ್ಕಾ, ಇನ್ನೊಂದ್ಸಲ ಹೇಳು" ಅಂದರು. ಒಂದು ಸಲ ಅಮ್ಮನೂ ಅದನ್ನೇ ಹೇಳಿದಳು.